ಗಾಂಧಿ ಕ್ಲಾಸಿನಿಂದ: ಹಾಡ್ತಾ ಹಾಡ್ತಾ ರಾಗ!

ಗೆಳೆಯರೇ, ಈ ವಾರ ಯಾವ ನಟಿಯ ಮದುವೆ ಸುದ್ದಿಯೂ ಇಲ್ಲ, ಯಾವ ಹೀರೋನ ಮುನಿಸಿನ ಕಥೆಯೂ ಇಲ್ಲ. ಬೇಜಾರಾಯಿತೇ? ಸ್ವಲ್ಪ ತಾಳಿ. ಮೇಜಿನ ಮೇಲಿನ ಕಾಗದಗಳ ಗುಡ್ಡೆಯಲ್ಲಿ ಸಿಕ್ಕ ಒಂದೇ ಒಂದು ಕಾಗದ ನನ್ನನ್ನು ಎರಡು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಅದಕ್ಕೆ ಉತ್ತರ ಕೊಡದೆ ಬೇರೆ ಮಾತಿಗೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಬರೆದವನು ಮಳವಳ್ಳಿ ಕಡೆಯ ಹುಡುಗ. ಹೆಸರು, ಊರು ಹಾಕಬೇಡಿ ಎಂದು ಕೈಮುಗಿದು ಕೇಳಿಕೊಂಡಿದ್ದಾನೆ. ಹಾಕುವುದಿಲ್ಲ. ಕಾಗದದ ಸಾರಾಂಶ ಇಷ್ಟು:

"ಸಾರ್, ನಾನು ಅಣ್ಣಾವ್ರ ಭಕ್ತ. ಮಂಡ್ಯದಲ್ಲಿ ಕೆಲಸಕ್ಕಿದ್ದೀನಿ. ಹೋದ ಗಣೇಶನ ಹಬ್ಬಕ್ಕೆ ನಮ್ಮ ಬೀದಿಯವರು ಆರ್ಕೆಸ್ಟ್ರಾ ಇಟ್ಟಿದ್ದರು. ಹಾಡೋರು ಯಾರು ಬೇಕಾದರೂ ಬರಬಹುದು ಅಂದರು. ಗೆಳೆಯರು ತಳ್ಳಿದರು, ಹೋದೆ. ಅಣ್ಣಾವ್ರ ಹಾಡೇ ಹಾಡಿದೆ. ಮೊದಲ ಸಾಲು ಮುಗಿಯೋ ಹೊತ್ತಿಗೆ ಶಿಳ್ಳೆ ಶುರುವಾಯ್ತು. ಖುಷಿ ಶಿಳ್ಳೆ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಅದು 'ಇಳೀಲಾ ಕೆಳಕ್ಕೆ' ಅನ್ನೋ ಶಿಳ್ಳೆ. ಯಾರೋ ಅದನ್ನ ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದರು. ಅವತ್ತಿನಿಂದ ನನ್ನ ಹೆಸರೇ 'ಕತ್ತೆ ಕಂಠ' ಆಗೋಯ್ತು. ಅದಾದರೂ ಹೋಗಲಿ ಸಾರ್. ನಮ್ಮಪ್ಪ ಊರಿನ ರಾಮಮಂದಿರದ ಶನಿವಾರದ ಭಜನೇಲಿ ಇಪ್ಪತ್ತು ವರ್ಷ ಹಿಮ್ಮೇಳ ಹಾಡಿದೋರು. ಹೋದ ವರ್ಷ ತೀರಿಕೊಂಡರು. ಮುಂದಿನ ತಿಂಗಳು ವರ್ಷದ ತಿಥಿ, ಅವತ್ತು ರಾತ್ರಿ ಭಜನೆ. ಮೇಳದವರು ಅಪ್ಪನ ತಾಳ ತಂದು ಮನೇಲಿ ಕೊಟ್ಟು, 'ನಿಮ್ಮಪ್ಪನ ಜಾಗದಲ್ಲಿ ಕೂತ್ಕೊಳ್ಳಪ್ಪ' ಅಂದವ್ರೆ. ನಾನು ಬಾಯಿ ಬಿಟ್ಟರೆ ಅಪ್ಪನ ತಿಥಿ ನಗೆಪಾಟಲು ಆಗುತ್ತೆ. ಕೆಲವರು ಯಾಕೆ ಸಾರ್ ಇಷ್ಟು ಕೆಟ್ಟದಾಗಿ ಹಾಡ್ತೀವಿ? ಹಾಡೋದು ಹುಟ್ಟಿನಿಂದ ಬರೋದೋ, ಕಲಿತರೆ ಬರೋದೋ? ನಿಜ ಹೇಳಿ."

ತಮ್ಮಾ, ನಿಜವನ್ನೇ ಹೇಳ್ತೀನಿ. ಅದಕ್ಕೆ ಮೊದಲು ನನ್ನದೊಂದು ಗುಟ್ಟು. ಶಾಲೆಯಲ್ಲಿದ್ದಾಗ ಸ್ವಾತಂತ್ರ್ಯ ದಿನಾಚರಣೆಯ ಹಾಡಿಗೆ ನನ್ನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ, "ನೀನು ಸುಮ್ಮನೆ ಬಾಯಿ ಅಲ್ಲಾಡಿಸು, ಸೌಂಡು ಬಿಡಬೇಡ" ಎಂದಿದ್ದರು. ಅವತ್ತು ಮುಚ್ಚಿದ ಗಂಟಲು ಬಹಳ ವರ್ಷ ತೆರೆಯಲೇ ಇಲ್ಲ. ಹಾಗಾಗಿ ನಿನ್ನ ಸಂಕಟ ನನಗೆ ಹೊಸದಲ್ಲ.

*

ಮಂಡ್ಯದ ಆ ವೇದಿಕೆಯಲ್ಲಿ ಆಗಿದ್ದೇನು?

ಮೊದಲು ಆ ಶಿಳ್ಳೆಯ ರಾತ್ರಿಯ ಪಂಚನಾಮೆ ಮಾಡೋಣ. ನೀನು ಹಾಡಿದ್ದು ಅಣ್ಣಾವ್ರ ಹಾಡು. ಆರ್ಕೆಸ್ಟ್ರಾದವರು ನುಡಿಸಿದ್ದು ಅಣ್ಣಾವ್ರ ಶ್ರುತಿಯಲ್ಲಿ. ನಿನ್ನ ಶ್ರುತಿ ಯಾವುದು ಅಂತ ಯಾರಾದರೂ ಕೇಳಿದರೇ? ಇಲ್ಲ. ನಿನಗಾದರೂ ಗೊತ್ತಿತ್ತೇ? ಅದೂ ಇಲ್ಲ! ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಓಡಿದರೆ ಬೀಳದೆ ಇರುತ್ತಾರೆಯೇ?

ಎರಡನೆಯದು, ನಿನ್ನ ಹಿಂದೆ ಡ್ರಮ್ಮು, ಪಕ್ಕದಲ್ಲಿ ಆಳೆತ್ತರದ ಸ್ಪೀಕರು. ಆ ಗದ್ದಲದಲ್ಲಿ ನಿನ್ನ ದನಿ ನಿನಗೇ ಕೇಳಿಸಿರುವುದಿಲ್ಲ. ತನ್ನ ದನಿ ತನಗೆ ಕೇಳದವನು ಕಣ್ಣು ಕಟ್ಟಿಕೊಂಡು ಸೈಕಲ್ ಹೊಡೆದ ಹಾಗೆ. ಮೂರನೆಯದು ಭಯ. ಭಯವಾದಾಗ ಉಸಿರು ಎದೆಯ ಮೇಲ್ಭಾಗಕ್ಕೆ ಏರಿ ಚಿಕ್ಕದಾಗುತ್ತದೆ, ಗಂಟಲು ಬಿಗಿಯುತ್ತದೆ, ದನಿ ನಡುಗುತ್ತದೆ. ಈ ಮೂರೂ ಒಟ್ಟಿಗೆ ಸೇರಿದರೆ ಪಳಗಿದ ಹಾಡುಗಾರರೇ ತಡವರಿಸುತ್ತಾರೆ. ನೀನು ಯಾವ ಲೆಕ್ಕ, ನಾನು ಯಾವ ಲೆಕ್ಕ?

ಅಂದರೆ ಆ ರಾತ್ರಿ ಸೋತದ್ದು ನಿನ್ನ ಕಂಠವಲ್ಲ. ತಯಾರಿ ಸೋತಿತು. ಇವೆರಡೂ ಒಂದೇ ಅಂತ ತಿಳಿದುಕೊಂಡೇ ನಮ್ಮಲ್ಲಿ ಎಷ್ಟೋ ಜನ ಜೀವಮಾನವಿಡೀ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಾರೆ.

*

ಕೆಟ್ಟಿರೋದು ಕಿವಿಯೋ, ಗಂಟಲೋ?

ಇನ್ನು ಸ್ವಲ್ಪ ವಿಜ್ಞಾನ. ಪುಟ ತಿರುಗಿಸಬೇಡಿ, ಇದು ಪರೀಕ್ಷೆಗೆ ಬರೋ ಪಾಠವಲ್ಲ!

ನಮ್ಮ ಗಂಟಲಲ್ಲಿ ಎರಡು ಪುಟ್ಟ ಮಡಿಕೆಗಳಿವೆ. ಶ್ವಾಸಕೋಶದಿಂದ ಬರುವ ಗಾಳಿ ಅವುಗಳ ನಡುವೆ ನುಗ್ಗಿದಾಗ ಅವು ಅದುರುತ್ತವೆ, ದನಿ ಹುಟ್ಟುತ್ತದೆ. ಗಂಡಸರು ಮಾತಾಡುವಾಗ ಅವು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಅದುರುತ್ತವೆ, ಹೆಂಗಸರಲ್ಲಿ ಸುಮಾರು 200 ಸಲ. ಒಂದು ಸ್ಥಾಯಿ ಮೇಲಕ್ಕೆ ಹೋದರೆ ಈ ಲೆಕ್ಕ ಸರಿಯಾಗಿ ಎರಡರಷ್ಟು. ಮಡಿಕೆ ಬಿಗಿಯಾದರೆ ದನಿ ಮೇಲೇರುತ್ತದೆ, ಸಡಿಲವಾದರೆ ಕೆಳಗಿಳಿಯುತ್ತದೆ. ಎಷ್ಟು ಬಿಗಿದರೆ 'ಸ', ಎಷ್ಟು ಬಿಗಿದರೆ 'ಪ' ಎಂದು ಗಂಟಲಲ್ಲಿ ಗುರುತು ಹಾಕಿಲ್ಲ. ಹಾರ್ಮೋನಿಯಂ ಆದರೆ ಮನೆ ಒತ್ತಿದರಾಯಿತು, ಸ್ವರ ತಾನಾಗಿ ಬರುತ್ತದೆ. ಗಂಟಲು ಪಿಟೀಲಿನ ಹಾಗೆ. ಮನೆಗಳೇ ಇಲ್ಲ, ಜಾಗ ಹುಡುಕಿ ಹುಡುಕಿ ರೂಢಿ ಮಾಡಿಕೊಳ್ಳಬೇಕು.

ಹಾಗಾದರೆ ಕೆಟ್ಟದಾಗಿ ಹಾಡುವವರಿಗೆ ಸ್ವರವೇ ಕಿವಿಗೆ ಬೀಳುವುದಿಲ್ಲವೇ? ಕೆನಡಾ ದೇಶದ ಮಾಂಟ್ರಿಯಲ್‌ನ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಬೆರಳಿನಿಂದ ಜಾರಿಸಿದರೆ ಸ್ವರ ಮೇಲೆ ಕೆಳಗೆ ಹೋಗುವ ಒಂದು ಸಾಧನವನ್ನು ಜನರ ಕೈಗೆ ಕೊಟ್ಟರು. "ಈ ಸ್ವರ ಕೇಳಿ, ಇದರಲ್ಲಿ ಅದೇ ಸ್ವರ ಹುಡುಕಿ" ಎಂದರು. ಗಂಟಲಿನಲ್ಲಿ ತಪ್ಪುತ್ತಿದ್ದವರಲ್ಲೂ ಹೆಚ್ಚಿನವರು ಬೆರಳಿನಲ್ಲಿ ಸರಿಯಾಗಿ ಹುಡುಕಿಬಿಟ್ಟರು! ಅಂದರೆ ಕಿವಿ ನೆಟ್ಟಗಿದೆ, ಗಂಟಲನ್ನು ಆಡಿಸುವುದು ಗೊತ್ತಿಲ್ಲ. ಕ್ರಿಕೆಟ್ ಗೊತ್ತಿದ್ದೂ ಬ್ಯಾಟು ಹಿಡಿಯದವನ ಹಾಗೆ.

ಅದಕ್ಕೂ ಮೊದಲು, 2007ರಲ್ಲಿ, ಅದೇ ಊರಿನ ಸಂಶೋಧಕರು ಪಾರ್ಕಿನಲ್ಲಿ ಓಡಾಡುವ ಮಾಮೂಲಿ ಜನರಿಂದ ಹಾಡಿಸಿದ ವರದಿ ಬಂತು. ಸಂಗೀತ ಕಲಿಯದವರಲ್ಲೂ ಬಹುಪಾಲು ಜನ ತಕ್ಕಮಟ್ಟಿಗೆ ಶ್ರುತಿಯಲ್ಲೇ ಹಾಡಿದರು. ಇನ್ನೂ ಸ್ವಾರಸ್ಯ ಏನು ಗೊತ್ತೇ? ತಪ್ಪು ಹಾಡಿದವರಿಗೆ "ಅದೇ ಹಾಡನ್ನು ನಿಧಾನಕ್ಕೆ ಹಾಡಿ" ಎಂದಾಗ ಬಹಳ ತಪ್ಪುಗಳು ತಾವಾಗಿಯೇ ಹೋದವು. ಅರ್ಧ ಅಪಸ್ವರಕ್ಕೆ ಅವಸರವೇ ಕಾರಣ ಅನ್ನಿ.

ನಿಜವಾಗಿ ರಾಗದ ಏರಿಳಿತವೇ ತಿಳಿಯದವರು ಇಲ್ಲವೇ ಅಂದರೆ, ಇದ್ದಾರೆ. ಮಾತು ಸರಿಯಾಗಿ ಕೇಳುತ್ತದೆ, ಬುದ್ಧಿ ಚುರುಕಾಗಿರುತ್ತದೆ, ಆದರೆ ಸಾಹಿತ್ಯ ತೆಗೆದು ಬರೀ ರಾಗ ನುಡಿಸಿದರೆ ಚಿಕ್ಕಂದಿನಿಂದ ಕೇಳಿದ ಹಾಡೂ ಗುರುತು ಸಿಗುವುದಿಲ್ಲ. 2017ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಇಂಥವರು ನೂರಕ್ಕೆ ಸುಮಾರು ಒಂದೂವರೆ ಮಂದಿ. ನೂರು ಜನ ಕೂತ ಟೆಂಟಿನಲ್ಲಿ ಒಬ್ಬನೋ ಇಬ್ಬರೋ. ನಮ್ಮಲ್ಲಿ "ನಂಗೆ ಹಾಡೋಕೆ ಬರಲ್ಲ" ಅನ್ನುವವರು ಎಷ್ಟು? ಅರ್ಧ ಟೆಂಟು!

ತಮ್ಮಾ, ನೀನು ಆ ಒಂದೂವರೆಯಲ್ಲಿ ಇದ್ದೀಯಾ ಅಂತ ನೋಡಿಕೊಳ್ಳೋದು ಸುಲಭ. ಬಸ್ಸಿನಲ್ಲಿ ಹಾಡು ಹಾಕಿದಾಗ, ಮಾತು ಶುರುವಾಗುವ ಮೊದಲೇ ಬರೀ ವಾದ್ಯ ಕೇಳಿ "ಇದು ಇಂಥ ಪಿಕ್ಚರಿನ ಹಾಡು" ಅಂತ ಹೇಳ್ತೀಯಾ? ಪಕ್ಕದವನು ಅಪಸ್ವರ ಎಳೆದರೆ ಮುಖ ಕಿವುಚ್ತೀಯಾ? ಹಾಗಿದ್ದರೆ ನಿನ್ನ ಕಿವಿಗೇನೂ ಧಾಡಿಯಿಲ್ಲ.

*

ಅಣ್ಣಾವ್ರಿಗೂ ಹುಟ್ಟಿನಿಂದಲೇ ಬಂತೇ?

"ಅಣ್ಣಾವ್ರು ದೈವದತ್ತ ಕಂಠ ಸಾರ್, ನಮಗೆಲ್ಲಿ" ಅಂತ ನೀವೆಲ್ಲ ಅನ್ನುತ್ತೀರಿ. ದೈವದತ್ತ ಹೌದು, ಇಲ್ಲ ಅನ್ನೋರು ಯಾರು? ಆದರೆ ದೇವರು ಕೊಟ್ಟದ್ದನ್ನು ಅವರು ತಿಕ್ಕಿ ತಿಕ್ಕಿ ಹೊಳಪು ಮಾಡಿದ ಲೆಕ್ಕವನ್ನೂ ನೋಡಬೇಕಲ್ಲ.

1929ರಲ್ಲಿ ಹುಟ್ಟಿದ ಮುತ್ತುರಾಜ, ನಾಟಕದ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಕಂಪನಿ ನಾಟಕವೆಂದರೆ ಏನು? ಪಾತ್ರಧಾರಿ ತಾನೇ ಹಾಡಬೇಕು. ಹಾರ್ಮೋನಿಯಂ ಮೇಷ್ಟರು ಶ್ರುತಿ ಹಿಡಿದರೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಎತ್ತಬೇಕು. ಮಲಗಿದರೆ ಹಾಡು, ಎದ್ದರೆ ಹಾಡು. ಇಂಥ ಗರಡಿಯಲ್ಲಿ ಬೆಳೆದ ಹುಡುಗ.

ಇಷ್ಟಾದರೂ 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ತೆರೆಯ ಮೇಲೆ ಅವರಿಗೆ ಬೇರೆಯವರ ಕಂಠ. ಮುಂದೆ ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ಅವರೇ ಅಣ್ಣಾವ್ರ ದನಿ. ಶರೀರ ಒಬ್ಬರದು, ಶಾರೀರ ಒಬ್ಬರದು! ನಡುವೆ 1956ರ 'ಓಹಿಲೇಶ್ವರ'ದಲ್ಲಿ, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಅಣ್ಣಾವ್ರು ಹಾಡಿದ್ದುಂಟು. ಆದರೆ ಹಿನ್ನೆಲೆ ಗಾಯಕರಾಗಿ ನೆಲೆ ನಿಂತದ್ದು 1974ರ 'ಸಂಪತ್ತಿಗೆ ಸವಾಲ್'ನಿಂದ. ಜಿ.ಕೆ. ವೆಂಕಟೇಶ್ ಸಂಗೀತ, ಎಮ್ಮೆಯ ಮೇಲೆ ಕೂತು ಹಾಡುವ ಆ ಹಾಡು. ಟೆಂಟಿನಲ್ಲಿ ಬೀಡಿ ಆರಿಸಿ ಕೇಳಿದವರು ಇವತ್ತಿಗೂ ಇದ್ದಾರೆ. ಆಗ ಅಣ್ಣಾವ್ರಿಗೆ ವಯಸ್ಸು 45. 'ಜೀವನ ಚೈತ್ರ'ದ ಹಾಡಿಗೆ 1992ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತಲ್ಲ, ಆ ಚಿತ್ರ ಬಂದಾಗ 63!

ನಲವತ್ತೈದಕ್ಕೆ ಶುರು, ಅರವತ್ತಮೂರಕ್ಕೆ ಶಿಖರ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ನೀನು "ನನ್ನ ಕಾಲ ಮುಗೀತು" ಅಂದರೆ ಅಣ್ಣಾವ್ರ ಭಕ್ತ ಅಂತ ಹೇಗೆ ಹೇಳಿಕೊಳ್ಳೋದಪ್ಪ?

ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರನ್ನು ನೋಡಿ. ಇಂಜಿನಿಯರಿಂಗ್ ಓದಲು ಹೋದವರು. ಶಾಸ್ತ್ರೀಯವಾಗಿ ಕ್ರಮಬದ್ಧ ಪಾಠ ಆದವರಲ್ಲ. 1967ರಲ್ಲಿ ಎಂ. ರಂಗರಾವ್ ಸಂಗೀತದ 'ನಕ್ಕರೆ ಅದೇ ಸ್ವರ್ಗ'ದಿಂದ ಕನ್ನಡಕ್ಕೆ ಬಂದರು. ಅದೇ ಮನುಷ್ಯ 'ಶಂಕರಾಭರಣಂ'ನಂಥ ಸಂಗೀತಮಯ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಹೊಡೆದರು. 1995ರ ನಮ್ಮ ಹಂಸಲೇಖ ಸಂಗೀತದ 'ಗಾನಯೋಗಿ ಪಂಚಾಕ್ಷರಿ ಗವಾಯಿ'ಗೂ ಹೊಡೆದರು. ಕೇಳಿ ಕೇಳಿ, ಹಾಡಿ ಹಾಡಿ, ತಿದ್ದಿಕೊಂಡು ತಿದ್ದಿಕೊಂಡು ಆದದ್ದು. ಮೇಷ್ಟರಿಲ್ಲದೆ ಕಲಿತರು ಅನ್ನಬೇಡಿ. ಹಾಡಿಸಿದ ಸಂಗೀತ ನಿರ್ದೇಶಕರೆಲ್ಲ ಅವರಿಗೆ ಮೇಷ್ಟರೇ.

*

ಮದ್ದೂರಿನಲ್ಲಿ ಇಳಿದು ಕೇಳಿ

"ಸಾರ್, ಅವರಪ್ಪ ನಾಟಕದವರು, ರಕ್ತದಲ್ಲೇ ಇತ್ತು" ಅನ್ನುತ್ತೀರಾ? ಹಾಗಾದರೆ ಮಂಡ್ಯದಿಂದ ಬಸ್ಸು ಹತ್ತಿ ಮದ್ದೂರಿನಲ್ಲಿ ಇಳಿಯೋಣ. ಒಂದು ವಡೆ ಕಟ್ಟಿಸಿಕೊಳ್ಳಿ, ಮಾತು ಮುಂದುವರಿಸೋಣ.

ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆ ಯಾರ ಊರು? ಕೇಳಬೇಕೇ! ನಮ್ಮ ಅಂಬರೀಷಣ್ಣನ ಊರು. 1952ರಲ್ಲಿ ಹುಟ್ಟಿ, 1972ರ 'ನಾಗರಹಾವು'ನಲ್ಲಿ ಜಲೀಲನಾಗಿ ಕಾಲಿಟ್ಟು, ಕಡೆಗೆ 'ಮಂಡ್ಯದ ಗಂಡು' ಎಂದೇ ಹೆಸರಾಗಿ 2018ರಲ್ಲಿ ನಮ್ಮನ್ನು ಅಗಲಿದವರು. ಆದರೆ ಅವರು ಯಾರ ಮೊಮ್ಮಗ ಎಂಬುದು ಈಗಿನ ಎಷ್ಟು ಹುಡುಗರಿಗೆ ಗೊತ್ತು? ಪಿಟೀಲು ಚೌಡಯ್ಯನವರ ಮೊಮ್ಮಗ! ತಿರುಮಕೂಡಲಿನಲ್ಲಿ ಹುಟ್ಟಿ, ಇಡೀ ದಕ್ಷಿಣ ದೇಶವನ್ನೇ ತಲೆದೂಗಿಸಿದ ಟಿ. ಚೌಡಯ್ಯ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಅವರ ಹೆಸರಿನಲ್ಲಿ ನಿಂತಿದೆ.

ರಕ್ತದಲ್ಲಿ ಸಂಗೀತ ಹರಿಯುವುದಾದರೆ ಅಂಬರೀಷಣ್ಣನ ಮೈಯಲ್ಲಿ ಕಾವೇರಿಯೇ ಹರಿಯಬೇಕಿತ್ತು. ಆದರೆ ತೆರೆಯ ಮೇಲೆ ಅವರ ಹಾಡುಗಳಿಗೆ ಗಂಟಲು ಕೊಟ್ಟವರು ಎಸ್ಪಿಬಿ ಅಂಥವರು. 1987ರ 'ಒಲವಿನ ಉಡುಗೊರೆ'ಯ ಆ ಅಮರ ಹಾಡಿಗೆ ಕಂಠ ಜಯಚಂದ್ರನ್ ಅವರದು. ಅಂಬರೀಷಣ್ಣ ಮನಸ್ಸು ಮಾಡಿ ಕೂತಿದ್ದರೆ ಹಾಡುತ್ತಿದ್ದರೋ ಏನೋ, ಅದು ಬೇರೆ ಮಾತು. ಅವರು ಆರಿಸಿಕೊಂಡದ್ದು ನಟನೆ, ಅದರಲ್ಲಿ ಗೆದ್ದರು. ನಾನು ಹೇಳುವುದು ಇಷ್ಟೇ: ತಾತನ ಆಸ್ತಿ ಮೊಮ್ಮಗನಿಗೆ ಬರುತ್ತದೆ, ತಾತನ ಸಾಧನೆ ಬರುವುದಿಲ್ಲ.

ಆ ತಾತನಿಗಾದರೂ ಅದು ಹೇಗೆ ಬಂತು? ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ ಬಂತು. ಆಗ ಮೈಕು ಇರಲಿಲ್ಲ. ನಾಲ್ಕು ತಂತಿಯ ಪಿಟೀಲಿನ ನಾದ ದೊಡ್ಡ ಸಭೆಗೆ ಮುಟ್ಟದು ಎಂದು 1927ರಲ್ಲಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಇರುವ ವಾದ್ಯ ಸಾಲದು ಅನ್ನಿಸಿದರೆ ಕೈಚೆಲ್ಲಿ ಕೂರಲಿಲ್ಲ, ದಾರಿ ಹುಡುಕಿದರು. ನಿನ್ನ ಗಂಟಲೂ ಒಂದು ಪಿಟೀಲು ಅಂದೆನಲ್ಲ ತಮ್ಮಾ, ಅದಕ್ಕೇ ಈ ಕಥೆ ಹೇಳಿದ್ದು.

*

ಉತ್ತರ ನಿನ್ನ ಊರ ಪಕ್ಕದಲ್ಲೇ ಇದೆ!

ಮದ್ದೂರಿನಿಂದ ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿಗೆ ಬರೋಣ. ಇಲ್ಲಿಗೆ ಬಂದ ಮೇಲೆ ನಾನು ಕೆನಡಾ, ಮಾಂಟ್ರಿಯಲ್ ಅನ್ನುವುದೇ ತಮಾಷೆ. ಯಾಕೆಂದರೆ ಮಳವಳ್ಳಿ ಸೀಮೆ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠವಿದೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯವರ ಕಾವ್ಯವನ್ನು ಹಾಡುವ ನೀಲಗಾರರು ಈ ಸೀಮೆಯವರು. ಸಂಜೆ ಶುರುಮಾಡಿದರೆ ಕೋಳಿ ಕೂಗುವವರೆಗೂ ಹಾಡಬಲ್ಲರು. ಮಾದಪ್ಪನ ಕಾವ್ಯವನ್ನು ಕಂಸಾಳೆ ಹಿಡಿದು ಹಾಡುವ ದೇವರ ಗುಡ್ಡರೂ ಇದ್ದಾರೆ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟು ಕೇಳದ ಹಳ್ಳಿ ಈ ಕಡೆ ಉಂಟೇ? ಇವರೆಲ್ಲ ಯಾವ ಕಾಲೇಜಿನಲ್ಲಿ ಕಲಿತರು? ಹಿಮ್ಮೇಳವೆಂಬ ಕಾಲೇಜಿನಲ್ಲಿ!

ಆ ಏರ್ಪಾಡನ್ನು ಸ್ವಲ್ಪ ಗಮನಿಸಿ ನೋಡಿ. ಮುಂದಾಳು ತಂಬೂರಿ ಮೀಟಿಕೊಂಡು, ಗಗ್ಗರ ಆಡಿಸುತ್ತಾ ಕಥೆ ಎತ್ತುತ್ತಾನೆ. ಪಕ್ಕದಲ್ಲಿ ಹಿಮ್ಮೇಳದವರು ಡಕ್ಕೆ, ತಾಳ ಹಿಡಿದು ಸೊಲ್ಲು ಸೇರಿಸುತ್ತಾರೆ. ಹೊಸಬನನ್ನು ಮೊದಲ ದಿನವೇ ಒಬ್ಬನೇ ಹಾಡು ಅಂತ ನಿಲ್ಲಿಸುವುದಿಲ್ಲ. ಹಿಮ್ಮೇಳಕ್ಕೆ ಕೂರಿಸುತ್ತಾರೆ. ಕಿವಿಯ ಪಕ್ಕದಲ್ಲೇ ತಂಬೂರಿಯ ಶ್ರುತಿ. ಭುಜಕ್ಕೆ ಭುಜ ತಾಗುವಂತೆ ಕೂತವನ ದನಿಯೂ ನಿನ್ನಂಥ ಗಂಡಸಿನದೇ. ಹಾಡುವ ಸೊಲ್ಲು ಚಿಕ್ಕದು, ರಾತ್ರಿಯೆಲ್ಲಾ ನೂರಾರು ಸಲ ಅದೇ ಬರುತ್ತದೆ. ತಪ್ಪಿದರೆ ನಾಲ್ಕು ದನಿಗಳ ನಡುವೆ ಮುಚ್ಚಿಹೋಗುತ್ತದೆ, ಯಾರೂ ಶಿಳ್ಳೆ ಹಾಕುವುದಿಲ್ಲ. ಮುಂದಿನ ಸಲ ತಾನಾಗಿ ಸರಿಹೋಗುತ್ತದೆ.

ಸಂಶೋಧಕರು ಇವತ್ತು ಹೇಳುತ್ತಿರುವುದೂ ಇದನ್ನೇ. ಯಂತ್ರದ ಸ್ವರಕ್ಕೆ ದನಿ ಸೇರಿಸುವುದಕ್ಕಿಂತ ತನ್ನಂಥದೇ ಮನುಷ್ಯ ದನಿಗೆ ಸೇರಿಸುವುದು ಸುಲಭ. ಅವಸರಕ್ಕಿಂತ ನಿಧಾನ ಒಳ್ಳೆಯದು. ಬಿಡದೆ ಹಾಡುವವರಿಗೆ ಹಾಡು ಉಳಿಯುತ್ತದೆ. ಅಮೆರಿಕದಲ್ಲಿ 2015ರಲ್ಲಿ ಬಂದ ಒಂದು ಅಧ್ಯಯನ ಹೇಳುವುದು ಕೇಳಿ: ಶಾಲೆಯಲ್ಲಿ ಹಾಡುತ್ತಾ ಇದ್ದಷ್ಟು ಕಾಲ ಮಕ್ಕಳ ಶ್ರುತಿ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತದೆ. ಹಾಡುವುದು ಬಿಟ್ಟು ಕಾಲೇಜಿಗೆ ಬಂದ ಯುವಕರನ್ನು ಪರೀಕ್ಷಿಸಿದರೆ ಅವರು ಶಿಶುವಿಹಾರದ ಮಕ್ಕಳ ಮಟ್ಟಕ್ಕೆ ಇಳಿದಿದ್ದರಂತೆ! ಗದ್ದೆಗೆ ನೀರು ನಿಲ್ಲಿಸಿದರೆ ಪೈರು ಒಣಗುತ್ತದೆ. ಅದಕ್ಕೆ ಗದ್ದೆಯನ್ನು ಬೈದರೆ ಏನು ಬಂತು?

ಗಾದೆಯೇ ಇದೆಯಲ್ಲ, ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ನಮ್ಮ ಹಿರಿಯರಿಗೆ ಹಾಡು ಕಲಿಸಬಹುದು ಎಂಬ ನಂಬಿಕೆ ಇಲ್ಲದಿದ್ದರೆ ಸರಳೆ ವರಸೆ, ಜಂಟಿ ವರಸೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಪಾಠ ಕಟ್ಟುತ್ತಿದ್ದರೇ? ಪುರಂದರದಾಸರ ಹೆಸರಿನಲ್ಲಿ ನಡೆದುಬಂದಿರುವ ಆ ಪಾಠ ಶುರುವಾಗುವುದೇ ಒಂದೊಂದು ಸ್ವರವನ್ನು ನಿಧಾನಕ್ಕೆ ಎಳೆಯುವುದರಿಂದ. ಗದುಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಹತ್ತಿರ ಕರೆದು ಸಂಗೀತ ಕಲಿಸಿದರು. "ನೀನು ಬಾಯಿ ಅಲ್ಲಾಡಿಸು ಸಾಕು" ಎಂದು ಅವರೂ ಅಂದಿದ್ದರೆ ಎಷ್ಟು ಬಾಳು ಕತ್ತಲಲ್ಲೇ ಉಳಿಯುತ್ತಿತ್ತು!

*

ತಿಥಿಗೆ ಒಂದು ತಿಂಗಳಿದೆ. ಹೀಗೆ ಮಾಡು

ಒಂದು: ಅಣ್ಣಾವ್ರ ಶ್ರುತಿ ಬಿಡು, ನಿನ್ನದು ಹುಡುಕು. ಮಾಮೂಲಿಯಾಗಿ ಮಾತಾಡುವಾಗ ಬರುವ ದನಿಯ ಆಸುಪಾಸಿನಲ್ಲಿ ಒಂದು 'ಸ' ಹಿಡಿ. ಅಲ್ಲಿಂದ ಮೇಲಿನ 'ಸ'ಕ್ಕೆ ಕಷ್ಟವಿಲ್ಲದೆ ಹೋಗಬೇಕು, ಕೆಳಗಿನ 'ಪ'ಕ್ಕೆ ಇಳಿಯಬೇಕು. ಭಜನೆ ಮೇಳದ ಹಾರ್ಮೋನಿಯಂನವರನ್ನು ಕೇಳು, ಎರಡು ನಿಮಿಷದಲ್ಲಿ ಹುಡುಕಿಕೊಡುತ್ತಾರೆ. ಮೊಬೈಲಿನಲ್ಲಿ ತಂಬೂರಿ ನಾದ ಕೊಡುವ ಆಪ್‌ಗಳೂ ಸಿಗುತ್ತವೆ. ಕರೋಕೆಯಲ್ಲೂ ಶ್ರುತಿ ಇಳಿಸುವ ಸೌಕರ್ಯ ಇರುತ್ತದೆ, ನಾಚಿಕೆ ಬೇಡ.

ಎರಡು: ಮೊದಲು ಕೇಳು, ಆಮೇಲೆ ಬಾಯಿ ಬಿಡು. ತಂಬೂರಿ ಹಾಕಿಕೊಂಡು ಒಂದು ನಿಮಿಷ ಸುಮ್ಮನೆ ಕೂರು. ನಂತರ ಬಾಯಿ ಮುಚ್ಚಿಯೇ ಗುನುಗು. ದನಿಯನ್ನು ಮೆಲ್ಲಗೆ ಮೇಲೆ ಕೆಳಗೆ ಜಾರಿಸು. ಸರಿಯಾದ ಜಾಗಕ್ಕೆ ಬಂದಾಗ ನಿನ್ನ ದನಿ ತಂಬೂರಿಯಲ್ಲಿ ಸಕ್ಕರೆ ಕರಗಿದ ಹಾಗೆ ಕರಗುತ್ತದೆ. ಆ ಜಾಗದಲ್ಲಿ ಉಸಿರು ಇರುವಷ್ಟು ಹೊತ್ತು ನಿಲ್ಲು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಭಾನುವಾರ ಒಂದೇ ದಿನ ಮೂರು ಗಂಟೆ ಅರಚಿದರೆ ಪ್ರಯೋಜನವಿಲ್ಲ.

ಮೂರು: ಭಜನೆಯ ಸೊಲ್ಲುಗಳನ್ನು ಅರ್ಧ ವೇಗದಲ್ಲಿ ಹಾಡು. ನಿಧಾನದಲ್ಲಿ ಶ್ರುತಿ ನಿಂತರೆ ವೇಗದಲ್ಲೂ ನಿಲ್ಲುತ್ತದೆ.

ನಾಲ್ಕು: ಮೊಬೈಲಿನಲ್ಲಿ ಹಿಡಿದು ನೀನೇ ಕೇಳಿಕೋ. ಮೊದಲ ಸಲ "ಥೂ, ಇದು ನನ್ನ ದನಿಯೇ?" ಅನ್ನಿಸುತ್ತದೆ. ಹೆದರಬೇಡ, ಎಲ್ಲರಿಗೂ ಹಾಗೇ. ನಮ್ಮ ದನಿ ನಮಗೆ ಗಾಳಿಯ ಜೊತೆಗೆ ತಲೆಯ ಮೂಳೆಯ ಮೂಲಕವೂ ಕೇಳುವುದರಿಂದ ದಪ್ಪಗೆ ಕೇಳಿಸುತ್ತದೆ. ಮೊಬೈಲಿಗೆ ಆ ಮೂಳೆ ಇಲ್ಲ! ದನಿಯ ಬಣ್ಣ ನೋಡಬೇಡ, ಸ್ವರ ಎಲ್ಲಿ ಜಾರಿತು ಅಷ್ಟನ್ನೇ ಹುಡುಕು.

ಐದು: ಕಿರುಚಬೇಡ. ಗಂಟಲು ನೋಯುತ್ತಿದ್ದರೆ ಅದು ಸಾಧನೆಯಲ್ಲ, ಹಾನಿ. ನೀರು ಕುಡಿ, ಬೀಡಿ ಸಿಗರೇಟು ಬಿಡು. ಮೂರು ವಾರ ಕಳೆದರೂ ದನಿ ಒಡ್ಡೊಡ್ಡಾಗಿಯೇ ಇದ್ದರೆ ಗಂಟಲಿನ ಡಾಕ್ಟರಿಗೆ ತೋರಿಸಬೇಕು. ಮೀಸೆ ಚಿಗುರುವ ವಯಸ್ಸಿನ ತಮ್ಮಂದಿರಿಗೂ ಒಂದು ಮಾತು. ಆಗ ದನಿ ಒಡೆಯುವುದು ಸಹಜ, ಅದನ್ನೇ ನೋಡಿ ನಿಮ್ಮ ಕಂಠಕ್ಕೆ ತೀರ್ಪು ಬರೆದುಕೊಳ್ಳಬೇಡಿ.

ಆರು, ಎಲ್ಲಕ್ಕಿಂತ ಮುಖ್ಯ: ಈ ನಾಲ್ಕು ಶನಿವಾರವೂ ಊರಿಗೆ ಹೋಗು. ನಿನ್ನಪ್ಪನ ಜೊತೆ ಹಾಡುತ್ತಿದ್ದವರ ಪಕ್ಕದಲ್ಲೇ ಕೂರು. ಮೊದಲ ವಾರ ಬರೀ ತಾಳ ಹಾಕು. ಎರಡನೇ ವಾರ ಗುನುಗು. ಮೂರನೇ ವಾರ ಸಣ್ಣಗೆ ಸೊಲ್ಲು ಸೇರಿಸು. ನಾಲ್ಕನೇ ವಾರದ ಹೊತ್ತಿಗೆ ನೀನೇ ನೋಡು.

*

ಕೊನೆಗೊಂದು ಕಹಿ ಮಾತು, ಒಂದು ಸಿಹಿ ಮಾತು

ಕಹಿ ಮಾತು ಮೊದಲು. ಎಲ್ಲರೂ ಕಲಿಯಬಹುದು ಅಂದೆ. ಎಲ್ಲರೂ ಅಣ್ಣಾವ್ರಾಗಬಹುದು ಅನ್ನಲಿಲ್ಲ. ಶ್ರುತಿ ಕಲಿಯಬಹುದು, ತಾಳ ಕಲಿಯಬಹುದು, ಉಸಿರು ಕಲಿಯಬಹುದು. ಆದರೆ ಗಂಟಲಿನ ಆಕಾರ, ದನಿಯ ಬಣ್ಣ ಬಹುಪಾಲು ಹುಟ್ಟಿನಿಂದ ಬಂದದ್ದು. ತಿಂಗಳ ಸಾಧನೆ ಮಾಡಿ ಗಾಂಧಿನಗರಕ್ಕೆ ಬಸ್ಸು ಹತ್ತಿದರೆ ನಾನು ಹೊಣೆಯಲ್ಲ!

ಅಮೆರಿಕದಲ್ಲಿ ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್ ಅಂತ ಒಬ್ಬ ಶ್ರೀಮಂತ ಮಹಿಳೆ ಇದ್ದರು. ಹಾಡೆಂದರೆ ಪ್ರಾಣ, ಶ್ರುತಿ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. 76ನೇ ವಯಸ್ಸಿನಲ್ಲಿ, 1944ರ ಅಕ್ಟೋಬರ್ 25ರಂದು, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ಮಾಡಿದರು. ಹೌಸ್‌ಫುಲ್! ಆದರೆ ಬಹಳ ಜನ ಬಂದದ್ದು ನಗುವುದಕ್ಕೆ. ಒಂದು ತಿಂಗಳಲ್ಲೇ ಆಕೆ ತೀರಿಕೊಂಡರು. 2016ರಲ್ಲಿ ಅವರ ಮೇಲೆ ಒಂದು ಪಿಕ್ಚರೇ ಬಂತು, ಮೆರಿಲ್ ಸ್ಟ್ರೀಪ್ ಆ ಪಾತ್ರ ಮಾಡಿದರು. ನೋಡಿದರೆ ಮೊದಲು ನಗು ಬರುತ್ತದೆ, ಆಮೇಲೆ ಗಂಟಲು ಕಟ್ಟುತ್ತದೆ. ಆಕೆಯ ಸುತ್ತ ಇದ್ದವರು ಹೊಗಳಿದರೇ ಹೊರತು ನಿಜ ಹೇಳಲಿಲ್ಲ. ನಿನ್ನ ಸುತ್ತ ಇದ್ದವರು ನಕ್ಕರೇ ಹೊರತು ದಾರಿ ತೋರಲಿಲ್ಲ. ಎರಡೂ ತಪ್ಪೇ. ಹಾಡುವವನಿಗೆ ಬೇಕಾದದ್ದು ಪಕ್ಕದಲ್ಲಿ ಕೂತು "ಇಲ್ಲಿ ಸ್ವಲ್ಪ ಇಳೀತು ಕಣಪ್ಪ, ಇನ್ನೊಂದ್ಸಲ ಹೇಳು" ಅನ್ನುವ ಒಬ್ಬ ಮನುಷ್ಯ.

ಈಗ ಸಿಹಿ ಮಾತು. ತಮ್ಮಾ, ನಿನ್ನಪ್ಪ ಇಪ್ಪತ್ತು ವರ್ಷ ಹಿಮ್ಮೇಳದಲ್ಲಿ ಹಾಡಿದರು ಅಂದೆ. ಒಂದು ದಿನವಾದರೂ ಒಬ್ಬರೇ ಎದ್ದು ನಿಂತು ಹಾಡಿದ್ದು ನೆನಪಿದೆಯೇ? ಇರಲಾರದು. ಅವರಿಗೆ ಯಾರೂ ಚಿನ್ನದ ಪದಕ ಕೊಡಲಿಲ್ಲ. ಆದರೂ ಅವರ ಜಾಗ ಖಾಲಿ ಬಿದ್ದಾಗ ಮೇಳಕ್ಕೆ ಗೊತ್ತಾಯಿತು, ತಾಳ ಹುಡುಕಿಕೊಂಡು ಮನೆಗೆ ಬಂತು. ಅಲ್ಲಿ ಕರೆದಿರುವುದು ಅಣ್ಣಾವ್ರ ಕಂಠವನ್ನಲ್ಲ, ನಿನ್ನನ್ನು. ರಾಮಮಂದಿರದಲ್ಲಿ ಶಿಳ್ಳೆ ಹಾಕುವವರು ಯಾರೂ ಇರುವುದಿಲ್ಲ. ಹೋಗಿ ಕೂತ್ಕೊ.

ಇನ್ನು ಆ ಮೊಬೈಲಿನ ವೀಡಿಯೊ ಕಳಿಸಿದ ಮಂಡ್ಯದ ಗೆಳೆಯರೇ, ನೀವೂ ಈ ಪತ್ರಿಕೆ ಓದುತ್ತೀರಿ ಅಂತ ನನಗೆ ಗೊತ್ತು. ಮುಂದಿನ ಗಣೇಶನ ಹಬ್ಬಕ್ಕೆ ಅವನನ್ನು ಮತ್ತೆ ವೇದಿಕೆಗೆ ತಳ್ಳಿ, ಬೇಡ ಅನ್ನಲ್ಲ. ಆದರೆ ಈ ಸಲ ಅವನ ಶ್ರುತಿ ಕೇಳಿ ತಳ್ಳಿ, ಹಿಂದೆ ನೀವೂ ನಾಲ್ಕು ಜನ ನಿಂತು ಸೊಲ್ಲು ಸೇರಿಸಿ. ಆಮೇಲೆ ಶಿಳ್ಳೆ ಹಾಕಿ. ಖುಷಿ ಶಿಳ್ಳೆ!

ಭಜನೆ ಆದ ಮೇಲೆ ಒಂದು ಕಾಗದ ಹಾಕು ತಮ್ಮಾ. ಕಾಯ್ತಾ ಇರ್ತೀನಿ. ಉಳಿದವರಿಗೆ ಮುಂದಿನ ವಾರ ಇದೇ ಗಾಂಧಿ ಕ್ಲಾಸಿನಲ್ಲಿ ಮತ್ತೆ ಭೇಟಿ. ಅಲ್ಲಿಯವರೆಗೆ ಬಸ್ಸಿನ ಕಿಟಕಿ ಪಕ್ಕ ಕೂತು ಗುನುಗುತ್ತಾ ಇರಿ. ಕಂಡಕ್ಟರು ತಿರುಗಿ ನೋಡಿದರೆ ನೋಡಲಿ ಬಿಡಿ!